ಮದರ್ ತೆರೇಸಾ ಸಹಿ ಮಾಡದ ಚೆಂಡು

1999ರ ಅಕ್ಟೋಬರ್ 13ರಂದು ಅಮೆರಿಕದ ಐದು ರಾಜ್ಯಗಳಲ್ಲಿ ಸುಮಾರು 60 ಮನೆ, ಅಂಗಡಿ, ಗೋದಾಮುಗಳ ಮೇಲೆ ಒಂದೇ ಸಲಕ್ಕೆ ದಾಳಿ ನಡೆಯಿತು. ಎಫ್‌ಬಿಐ ಮತ್ತು ತೆರಿಗೆ ಇಲಾಖೆಯ ಅಧಿಕಾರಿಗಳು ಪೆಟ್ಟಿಗೆಗಟ್ಟಲೆ ಚೆಂಡು, ಬ್ಯಾಟು, ಅಂಗಿ, ಫೋಟೊಗಳನ್ನು ಹೊತ್ತು ತಂದರು. ಎಲ್ಲದರ ಮೇಲೂ ಹೆಸರಾಂತ ಆಟಗಾರರ ಸಹಿ. ಆ ರಾಶಿಯ ನಡುವೆ ಒಂದು ಬೇಸ್‌ಬಾಲ್ ಚೆಂಡಿತ್ತು. ಅದರ ಬಿಳಿ ಚರ್ಮದ ಮೇಲೆ ಮಸಿಯಲ್ಲಿ ಬರೆದಿದ್ದ ಹೆಸರು ಮಾತ್ರ ಆಟಗಾರರದ್ದಲ್ಲ, ಮದರ್ ತೆರೇಸಾ ಅವರದ್ದು.

ಕೋಲ್ಕತ್ತದ ಬೀದಿಗಳಲ್ಲಿ ಸಾಯುತ್ತ ಬಿದ್ದವರನ್ನು ಎತ್ತಿಕೊಂಡು ಬಂದು ಆರೈಕೆ ಮಾಡಿದ ಆ ತಾಯಿ ತೀರಿಕೊಂಡು ಆಗಿನ್ನೂ ಎರಡು ವರ್ಷ ಕಳೆದಿತ್ತಷ್ಟೆ. ಬೇಸ್‌ಬಾಲ್‌ಗೂ ಅವರಿಗೂ ಎತ್ತಣಿಂದೆತ್ತ ಸಂಬಂಧ? ಆದರೂ ಯಾರೋ ಕುಳಿತು, ಅವರ ಅಕ್ಷರದ ವಾಲಿಕೆಯನ್ನು ಅಭ್ಯಾಸ ಮಾಡಿ, ಚೆಂಡಿನ ಮೇಲೆ ಇಳಿಸಿದ್ದರು. ಇದನ್ನೂ ಕೊಳ್ಳುವವರಿದ್ದಾರೆ ಎಂಬ ಭರವಸೆ ಇಲ್ಲದಿದ್ದರೆ ಅಷ್ಟು ಶ್ರಮ ಯಾರೂ ಪಡುತ್ತಿರಲಿಲ್ಲ. ಎಫ್‌ಬಿಐ ಈ ತನಿಖೆಗೆ ಇಟ್ಟ ಹೆಸರು ‘ಆಪರೇಷನ್ ಬುಲ್‌ಪೆನ್’. ಬೇಸ್‌ಬಾಲ್ ಮೈದಾನದಲ್ಲಿ ಬದಲಿ ಎಸೆತಗಾರರು ತೋಳು ಬಿಸಿ ಮಾಡಿಕೊಳ್ಳುವ ಜಾಗಕ್ಕೆ ಬುಲ್‌ಪೆನ್ ಎನ್ನುತ್ತಾರೆ. ತನಿಖೆ ಮುಂದುವರಿದು 63 ಮಂದಿಗೆ ಶಿಕ್ಷೆಯಾಯಿತು, 18 ನಕಲಿ ಜಾಲಗಳು ಕಳಚಿಬಿದ್ದವು. ಆ ದಿನಗಳ ಅಂದಾಜಿನ ಪ್ರಕಾರ ಹೆಚ್ಚು ಬೇಡಿಕೆಯ ತಾರೆಯರ ಸಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖೊಟ್ಟಿ.

ಈ ದಂಧೆ ಅಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆಂದು ತಿಳಿಯಬೇಕಾದರೆ, ಸಹಿಗೂ ಆಟಗಾರರ ಚಿತ್ರದ ಕಾರ್ಡಿಗೂ ಕಾಸಿನ ಬೆಲೆ ಇಲ್ಲದಿದ್ದ ಕಾಲಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟು ಕಂಪನಿಗಳು ಪೊಟ್ಟಣ ಮಡಚಿಹೋಗದಂತೆ ಒಳಗೊಂದು ರಟ್ಟಿನ ತುಂಡು ಇಡುತ್ತಿದ್ದವು. ಸುಮ್ಮನೆ ಬಿಳಿ ರಟ್ಟು ಏಕೆಂದು ಅದರ ಮೇಲೆ ನಟಿಯರ, ಸೈನಿಕರ, ಆಟಗಾರರ ಚಿತ್ರ ಅಚ್ಚು ಹಾಕಿದರು. ಇಂಗ್ಲೆಂಡಿನಲ್ಲಿ ಇದೇ ಬಗೆಯ ಕಾರ್ಡುಗಳಲ್ಲಿ ಕ್ರಿಕೆಟಿಗರು ಬಂದರು, ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರು. ಅಪ್ಪ ಸಿಗರೇಟು ಸೇದಿದರೆ ಮಗನಿಗೆ ಕಾರ್ಡು. ಅಂಗಡಿ ಮುಂದೆ ನಿಂತು ಬಂದವರನ್ನೆಲ್ಲ ಕಾರ್ಡಿಗಾಗಿ ಕಾಡುವ ಹುಡುಗರ ಹಿಂಡೇ ಆ ಕಾಲದಲ್ಲಿತ್ತು.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಐನೂರಕ್ಕೂ ಹೆಚ್ಚು ಕಾರ್ಡುಗಳ ಒಂದು ಸರಣಿ ಹೊರತಂದಿತು. ಇಂದು ಅದನ್ನು ‘ಟಿ206’ ಎಂದು ಕರೆಯುತ್ತಾರೆ. ಅದರಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಕಾರ್ಡೂ ಇತ್ತು. ವ್ಯಾಗ್ನರ್ ಆಕ್ಷೇಪಿಸಿದ್ದರಿಂದ ಅದರ ಮುದ್ರಣ ನಡುವೆಯೇ ನಿಂತಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳುವುದು ಅವನಿಗೆ ಬೇಕಿರಲಿಲ್ಲ ಎಂದು ಒಂದು ಕಥೆ. ತನ್ನ ಚಿತ್ರಕ್ಕೆ ಕಂಪನಿ ದುಡ್ಡು ಕೊಡಲಿಲ್ಲವೆಂದು ಇನ್ನೊಂದು ಕಥೆ. ಅವನಿಗೆ ತಂಬಾಕು ಜಗಿಯುವ ಅಭ್ಯಾಸವಿತ್ತು ಎಂಬುದು ಮೊದಲ ಕಥೆಯನ್ನು ಸ್ವಲ್ಪ ಸಡಿಲ ಮಾಡುತ್ತದೆ. ಏನೇ ಇರಲಿ, ಇಂದು ಉಳಿದಿರುವ ವ್ಯಾಗ್ನರ್ ಕಾರ್ಡುಗಳು ಸುಮಾರು 60 ಮಾತ್ರ.

‘ಟಿ206’ ಎಂಬ ಆ ಹೆಸರು ಕಂಪನಿಯದ್ದಲ್ಲ. ಅದನ್ನು ಕೊಟ್ಟವನು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಜೆಫರ್ಸನ್ ಬರ್ಡಿಕ್. ಕೀಲುವಾತದಿಂದ ಬೆರಳು ಸೊಟ್ಟಗಾಗಿದ್ದ ಈ ಅವಿವಾಹಿತ ಕಾರ್ಖಾನೆ ನೌಕರ ಜೀವಮಾನವಿಡೀ ಕಾರ್ಡು ಕೂಡಿಸಿದ, ಅವುಗಳ ಮೊದಲ ದೊಡ್ಡ ಪಟ್ಟಿಯನ್ನು ಸಿದ್ಧಪಡಿಸಿದ. ಆ ಪಟ್ಟಿಯಲ್ಲಿ ವ್ಯಾಗ್ನರ್ ಕಾರ್ಡಿನ ಬೆಲೆ 50 ಡಾಲರ್. ಉಳಿದವಕ್ಕೆ ಚಿಲ್ಲರೆ ಕಾಸು. ಕೊನೆಗೆ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು, ಕಾಗದಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟ. ಅಲ್ಲಿಗೇ ಹೋಗಿ, ನೋವಿನ ಕೈಯಿಂದ ವರ್ಷಗಟ್ಟಲೆ ಅವನ್ನು ಆಲ್ಬಮ್‌ಗಳಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೊನೆಯ ಕಾರ್ಡು ಅಂಟಿಸಿ ಎದ್ದ, ಎರಡು ತಿಂಗಳಲ್ಲಿ ತೀರಿಕೊಂಡ. ಮಾರುವುದಕ್ಕಾಗಿ ಕಾರ್ಡು ಕೂಡಿಡುವುದು ಅವನಿಗೆ ಹಿಡಿಸದ ಮಾತಾಗಿತ್ತು. ಮುಂದೆ ಈ ಹವ್ಯಾಸಕ್ಕೆ ಒದಗಿದ ಗತಿಯನ್ನು ಕಂಡಿದ್ದರೆ ಅವನು ಎಷ್ಟು ನೊಂದುಕೊಳ್ಳುತ್ತಿದ್ದನೋ.

ಸಹಿಯ ವಿಚಾರವೂ ಮೊದಮೊದಲು ಹೀಗೆಯೇ ಇತ್ತು. ಬೇಬ್ ರೂತ್ ಅಮೆರಿಕನ್ನರಿಗೆ ಏನೆಂದು ಕನ್ನಡ ಓದುಗರಿಗೆ ಹೇಳಬೇಕಾದರೆ ಡಾನ್ ಬ್ರಾಡ್ಮನ್ ಹೆಸರು ಹೇಳಿದರೆ ಸಾಕು. ಕೇಳಿದ ಮಕ್ಕಳಿಗೆಲ್ಲ ರೂತ್ ಸಹಿ ಹಾಕಿಕೊಡುತ್ತಿದ್ದ. ಇಷ್ಟಾದರೂ ತಂಡದ ಎಲ್ಲರ ಸಹಿ ಇರುವ ಚೆಂಡು ಬೇಕೆಂದು ಬೇಡಿಕೆ ಬಂದಾಗ, ದಣಿದ ತಾರೆಗಳ ಬದಲು ಡ್ರೆಸ್ಸಿಂಗ್ ರೂಮಿನ ಹುಡುಗರೋ ಸಹಾಯಕರೋ ಕೆಲವು ಹೆಸರು ಬರೆದುಬಿಡುತ್ತಿದ್ದರು. ಇದರಲ್ಲಿ ಯಾರಿಗೂ ಲಾಭವಿರಲಿಲ್ಲ, ಮೋಸದ ಉದ್ದೇಶವೂ ಇರಲಿಲ್ಲ. ಚೆಂಡು ಕೇಳಿದವನ ಮನಸ್ಸು ಮುರಿಯಬಾರದೆಂದು ಬರೆದದ್ದು. ಅಜ್ಜನಿಂದ ಬಂದ ಅಂಥ ಚೆಂಡುಗಳನ್ನು ಇಂದಿಗೂ ಹಲವು ಮನೆಗಳಲ್ಲಿ ಅಸಲಿಯೆಂದೇ ನಂಬಿ ಇಟ್ಟುಕೊಂಡಿದ್ದಾರೆ.

ಇನ್ನು ‘ಶೂಲೆಸ್’ ಜೋ ಜಾಕ್ಸನ್. 1919ರ ವಿಶ್ವ ಸರಣಿಯ ಮೋಸದಾಟದ ಹಗರಣದಲ್ಲಿ ಆಜೀವ ನಿಷೇಧಕ್ಕೊಳಗಾದ ಈ ದೊಡ್ಡ ಆಟಗಾರ ಓದು ಬರಹ ಕಲಿತವನಲ್ಲ. ಹೆಸರು ಬರೆಯುವುದೆಂದರೆ ಅವನಿಗೆ ಚಿತ್ರ ಬಿಡಿಸಿದಷ್ಟು ಕಷ್ಟ. ಪತ್ರ, ದಾಖಲೆಗಳಿಗೆಲ್ಲ ಹೆಂಡತಿ ಕೇಟಿಯೇ ಅವನ ಪರವಾಗಿ ಸಹಿ ಹಾಕುತ್ತಿದ್ದಳು. ಹಾಗಾಗಿ ಅವನದೇ ಕೈಯ ಸಹಿ ಕಾಣಸಿಗುವುದು ಬಹಳ ಅಪರೂಪ. 1911ರಲ್ಲಿ ತೆಗೆದ ಒಂದು ಫೋಟೊದ ಮೇಲೆ ಅವನು ತಡವರಿಸುತ್ತ ಬರೆದ ಹೆಸರು 2021ರ ಹರಾಜಿನಲ್ಲಿ 14 ಲಕ್ಷ 70 ಸಾವಿರ ಡಾಲರಿಗೆ ಹೋಯಿತು.

ಹುಡುಗಾಟಿಕೆಯ ವಸ್ತುವಿಗೆ ದುಡ್ಡು ಕಚ್ಚಿಕೊಂಡದ್ದು 1980ರ ದಶಕದಲ್ಲಿ. ಬಾಲ್ಯದಲ್ಲಿ ಕಾರ್ಡು ಕೂಡಿಸಿದವರು ದುಡಿಯುವ ವಯಸ್ಸಿಗೆ ಬಂದಿದ್ದರು, ಕಳೆದುಕೊಂಡದ್ದನ್ನು ಮತ್ತೆ ಕೊಳ್ಳಲು ಹೊರಟರು. ದರಪಟ್ಟಿಯ ಪುಸ್ತಕಗಳು ಬಂದವು, ಊರೂರಿಗೆ ಸಹಿ ಮೇಳಗಳು ನಡೆದವು. ನಿವೃತ್ತ ಆಟಗಾರ ಒಂದು ಮೇಜಿನ ಹಿಂದೆ ಕೂರುತ್ತಿದ್ದ, ಅಭಿಮಾನಿ ದುಡ್ಡು ಕೊಟ್ಟು ಸರದಿಯಲ್ಲಿ ನಿಲ್ಲುತ್ತಿದ್ದ. ಕೈಗೆ ಬರುತ್ತಿದ್ದದ್ದು ನಗದು. ಪೀಟ್ ರೋಸ್ ಎಂಬ ಮಹಾನ್ ಆಟಗಾರ ಇಂಥ ಮೇಳಗಳ ಆದಾಯವನ್ನು ತೆರಿಗೆ ಲೆಕ್ಕದಲ್ಲಿ ತೋರಿಸದೆ 1990ರಲ್ಲಿ ಐದು ತಿಂಗಳ ಸೆರೆವಾಸ ಕಂಡ. ಅದೇ ಬಗೆಯ ತಪ್ಪನ್ನು ಹಳೆಯ ತಾರೆಗಳಾದ ಡ್ಯೂಕ್ ಸ್ನೈಡರ್, ವಿಲ್ಲಿ ಮೆಕೋವಿ 1995ರಲ್ಲಿ ಒಪ್ಪಿಕೊಂಡರು. ಸಹಿ ನೋಟಿನಂತೆ ಚಲಾವಣೆಗೆ ಬಂದಿತ್ತು, ಖೋಟಾ ನೋಟು ಅಚ್ಚು ಹಾಕುವವರು ಬರುವುದಷ್ಟೇ ಬಾಕಿ.

ಅವರೂ ಬಂದರು. ಮೊದಲು ಷಿಕಾಗೊದಲ್ಲಿ, ಬಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡಾನ್ ಹೆಸರನ್ನು ಬಳಸಿಕೊಂಡವರ ಜಾಲ ಬಯಲಾಯಿತು. ಆ ತನಿಖೆಯಲ್ಲಿ 14 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಅಲ್ಲಿ ಸಿಕ್ಕ ಎಳೆ ಹಿಡಿದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಅಧಿಕಾರಿಗಳು ಮುಂದುವರಿದರು. ಅದೇ ಊರಿನ ಬೇಸ್‌ಬಾಲ್ ತಂಡದ ಟೋನಿ ಗ್ವಿನ್, ತಾನು ಎಂದೂ ಮಾಡದ ಸಹಿಗಳು ತನ್ನ ಹೆಸರಲ್ಲಿ ಮಾರಾಟವಾಗುತ್ತಿರುವುದನ್ನು ಕಣ್ಣಾರೆ ಕಂಡು ದೂರು ಹೇಳಿದ್ದ. ಅಸಲಿ ವಸ್ತುಗಳಿಗೆ ಏಷ್ಯಾದಲ್ಲಿ ಮಾರುಕಟ್ಟೆ ಹುಡುಕುವ ವ್ಯಾಪಾರಿಯ ವೇಷದಲ್ಲಿ ಎಫ್‌ಬಿಐನ ಗುಪ್ತ ಅಧಿಕಾರಿ ಜಾಲದೊಳಗೆ ಹೊಕ್ಕ.

ಜಾಲದ ಕೇಂದ್ರದಲ್ಲಿದ್ದವನು ಗ್ರೆಗ್ ಮರೀನೋ. ಅಪ್ಪ, ಅಮ್ಮ, ಸೋದರ ಸೇರಿ ಇಡೀ ಕುಟುಂಬವೇ ಕೆಲಸದಲ್ಲಿ ತೊಡಗಿತ್ತು. ಅವನ ಕೈಗೆ ಹತ್ತಾರು ಆಟಗಾರರ ಸಹಿ ಕರಗತವಾಗಿತ್ತು. ರೂತ್, ಮಿಕಿ ಮ್ಯಾಂಟಲ್, ಜೋ ಡಿಮ್ಯಾಜಿಯೊ, ಯಾರು ಬೇಕೋ ಅವರು. ತೀರಿಕೊಂಡವರ ಸಹಿಗೆ ಹಳೆಯ ಚೆಂಡು ಬೇಕಲ್ಲ? ಹೊಸ ಚೆಂಡಿಗೆ ಅರಗಿನ ಮೆರುಗೆಣ್ಣೆ ಬಳಿದು ಹಳದಿಗಟ್ಟಿಸುತ್ತಿದ್ದರು. ಆ ಎಣ್ಣೆಯ ವಾಸನೆ ಹೋಗಿ ಮುಗ್ಗಲು ವಾಸನೆ ಹತ್ತಲೆಂದು ಒಣ ನಾಯಿ ತಿಂಡಿಯ ಚೀಲದಲ್ಲಿ ಹೂತಿಡುತ್ತಿದ್ದರು. ಹಳೆಯ ಪುಸ್ತಕಗಳ ಖಾಲಿ ಹಾಳೆ ಹರಿದು ಸಹಿಯ ಚೀಟಿ ಮಾಡುತ್ತಿದ್ದರು. ತಾರೆಯೊಬ್ಬ ಸತ್ತ ಕೂಡಲೆ ಅವನ ಸಹಿಯ ಬೆಲೆ ಏರುವ ಮಾರುಕಟ್ಟೆ ಇದು, ಆದ್ದರಿಂದ ಸಾವಿನ ಸುದ್ದಿ ಇವರಿಗೆ ಸುಗ್ಗಿ. ಬಾಸ್ಕೆಟ್‌ಬಾಲ್ ದೈತ್ಯ ವಿಲ್ಟ್ ಚೇಂಬರ್ಲಿನ್ ತೀರಿಕೊಂಡದ್ದು ದಾಳಿಯ ಹಿಂದಿನ ದಿನ. ಮರೀನೋಗೆ 41 ತಿಂಗಳ ಶಿಕ್ಷೆಯಾಯಿತು.

ಅವನ ಕೈಚಳಕಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಸಹಿಯ ಜೊತೆಗೆ ಕೊಡುತ್ತಿದ್ದ ‘ಅಸಲಿ ಪ್ರಮಾಣಪತ್ರ’. ಒಳ್ಳೆಯ ಕಾಗದ, ಚಿನ್ನದ ಬಣ್ಣದ ಮುದ್ರೆ, ತಜ್ಞರ ಸಹಿ. ಕೊಳ್ಳುವವನು ಚೆಂಡಿನ ಮೇಲಿನ ಅಕ್ಷರಕ್ಕಿಂತ ಹೆಚ್ಚಾಗಿ ಆ ಕಾಗದವನ್ನು ನೋಡಿ ಒಪ್ಪಿಕೊಳ್ಳುತ್ತಿದ್ದ. ಸಹಿಯನ್ನೇ ಹುಟ್ಟಿಸಬಲ್ಲವನಿಗೆ ಪ್ರಮಾಣಪತ್ರ ಹುಟ್ಟಿಸುವುದು ಇನ್ನೂ ಸುಲಭ ಎಂಬ ಸರಳ ಮಾತು ಆ ಕ್ಷಣದಲ್ಲಿ ಹೊಳೆಯುತ್ತಿರಲಿಲ್ಲ. ಮಗನ ಹುಟ್ಟುಹಬ್ಬಕ್ಕೆಂದು ದುಡ್ಡು ಉಳಿಸಿ ಕೊಂಡ ಅಪ್ಪಂದಿರೂ ಇಂಥ ಮೋಸಕ್ಕೆ ಬಲಿಯಾದರು. ಶ್ರೀಮಂತ ಸಂಗ್ರಾಹಕ ಒಂದು ಪೆಟ್ಟು ತಡೆದುಕೊಳ್ಳುತ್ತಾನೆ. ಹುಡುಗನ ಕಪಾಟಿನ ಮೇಲಿದ್ದ ಚೆಂಡು ಖೊಟ್ಟಿಯೆಂದು ಗೊತ್ತಾದ ದಿನ ಆ ಮನೆಯಲ್ಲಿ ಆದ ನಷ್ಟವನ್ನು ಡಾಲರಿನಲ್ಲಿ ಎಣಿಸಲಾಗದು.

ಆದರೂ ಸುಳ್ಳು ಎಲ್ಲೋ ಒಂದು ಕಡೆ ತನ್ನ ಕಾಲವನ್ನು ಬಿಟ್ಟುಕೊಡುತ್ತದೆ. ಪತ್ತೆಗಾರರ ಕೆಲಸ ಇರುವುದೇ ಅಲ್ಲಿ. ಹಿಂದೆ ಬೇಸ್‌ಬಾಲ್ ಲೀಗಿನ ಅಧಿಕೃತ ಚೆಂಡಿನ ಮೇಲೆ ಆ ಹೊತ್ತಿನ ಲೀಗ್ ಅಧ್ಯಕ್ಷನ ಹೆಸರು ಅಚ್ಚಾಗಿರುತ್ತಿತ್ತು. ರೂತ್ ಸತ್ತದ್ದು 1948ರ ಆಗಸ್ಟಿನಲ್ಲಿ. ನ್ಯಾಷನಲ್ ಲೀಗಿನ ವಾರನ್ ಗೈಲ್ಸ್ ಅಧ್ಯಕ್ಷನಾದದ್ದು 1951ರಲ್ಲಿ. ಗೈಲ್ಸ್ ಹೆಸರಿನ ಚೆಂಡಿನ ಮೇಲೆ ರೂತ್ ಸಹಿ ಇದ್ದರೆ ಮುಂದೆ ನೋಡಬೇಕಾದ್ದೇ ಇಲ್ಲ. ಇನ್ನೊಬ್ಬ ತಾರೆ ಲೂ ಗೆರಿಗ್ ತೀರಿಕೊಂಡದ್ದು 1941ರಲ್ಲಿ, ಅಮೆರಿಕದ ಅಂಗಡಿಗೆ ಬಾಲ್‌ಪೆನ್ನು ಬಂದದ್ದು 1945ರಲ್ಲಿ. ಬಾಲ್‌ಪೆನ್ನಿನ ಗೆರಿಗ್ ಸಹಿ ಯಾರದೋ, ಗೆರಿಗ್‌ನದಂತೂ ಅಲ್ಲ. ಎರಡನೆಯ ಮಹಾಯುದ್ಧದ ನಂತರದ ಬಿಳುಪುಗೊಳಿಸಿದ ಕಾಗದ, ದಾರಗಳು ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತವೆ, ಹಳೆಯವು ಮಂಕಾಗಿಯೇ ಇರುತ್ತವೆ. ಇನ್ನು ಕೈಬರಹದ ಲಕ್ಷಣ. ಸಹಜವಾಗಿ ಬರೆದ ಸಹಿಯಲ್ಲಿ ಮಸಿ ಓಡುತ್ತದೆ. ನಕಲು ಮಾಡುವವನು ಚಿತ್ರ ಬಿಡಿಸುತ್ತಾನೆ, ತಿರುವಿನಲ್ಲಿ ಕೈ ನಿಲ್ಲುತ್ತದೆ, ನಿಂತಲ್ಲಿ ಮಸಿ ಗುಂಡಗೆ ಕೂರುತ್ತದೆ. ರೂತ್ ಬಹಳ ವರ್ಷ ‘ಬೇಬ್’ ಎಂಬ ಅಡ್ಡಹೆಸರಿಗೆ ಉದ್ಧರಣ ಚಿಹ್ನೆ ಹಾಕುತ್ತಿದ್ದ, ಆಮೇಲೆ ಬಿಟ್ಟ. ಇಂಥ ಸಣ್ಣ ರೂಢಿಗಳನ್ನು ಬಲ್ಲವರ ಮುಂದೆ ಎಷ್ಟೋ ನಕಲಿಗಳು ಸೋತಿವೆ.

ವಸ್ತುವಿನ ಜೊತೆಗೆ ಅದರ ಕಥೆಯನ್ನೂ ಹುಟ್ಟಿಸಿದವರನ್ನು ಹಿಡಿಯುವುದು ಮಾತ್ರ ಕಷ್ಟ.

ಟೈ ಕಾಬ್ ಎಂಬ ಆಟಗಾರನ ಅಪ್ಪ 1905ರ ಆಗಸ್ಟಿನಲ್ಲಿ ಹೆಂಡತಿಯ ಗುಂಡಿಗೆ ಬಲಿಯಾದ. ರಾತ್ರಿ ಕಿಟಕಿಯ ಬಳಿ ಬಂದವನು ಕಳ್ಳನೆಂದು ತಿಳಿದೆ ಎಂದು ಆಕೆ ಹೇಳಿದಳು. ಮರುವರ್ಷ ನ್ಯಾಯಾಲಯ ಆಕೆಯನ್ನು ನಿರ್ದೋಷಿಯೆಂದು ಬಿಟ್ಟಿತು. ಕಾಬ್‌ನ ಕೊನೆಯ ದಿನಗಳಲ್ಲಿ ಅವನ ಆತ್ಮಕಥೆ ಬರೆದುಕೊಟ್ಟ ಪತ್ರಕರ್ತ ಆಲ್ ಸ್ಟಂಪ್. 1961ರಲ್ಲಿ ಕಾಬ್ ಸತ್ತ ಮೇಲೆ ಸ್ಟಂಪ್ ಅವನನ್ನು ಕ್ರೂರಿ, ಹುಚ್ಚುಸ್ವಭಾವದ ಮನುಷ್ಯನಾಗಿ ಚಿತ್ರಿಸುತ್ತ ಹೋದ. ಆ ಚಿತ್ರವೇ 1994ರಲ್ಲಿ ಸಿನಿಮಾ ಆಯಿತು. ಜೊತೆಜೊತೆಗೇ ಕಾಬ್‌ನವು ಎಂದು ಹೇಳುವ ಕಾಗದ, ವಸ್ತುಗಳನ್ನೂ ಅವನು ಮಾರುತ್ತಿದ್ದ. ಅವು ಬ್ಯಾರಿ ಹಾಲ್ಪರ್ ಎಂಬ ದೊಡ್ಡ ಸಂಗ್ರಾಹಕನ ಮನೆ ಸೇರಿದವು. ಅಮ್ಮ ಅಪ್ಪನನ್ನು ಕೊಂದ ಬಂದೂಕು ಎಂದು ತೋರಿಸುತ್ತಿದ್ದ ಉದ್ದ ನಳಿಗೆಯ ಕೋವಿಯೂ ಅವುಗಳಲ್ಲಿ ಒಂದು.

ಸಂಶೋಧಕರು ಆ ಘಟನೆ ನಡೆದ ಜಾರ್ಜಿಯಾ ರಾಜ್ಯದ ಹಳೆಯ ಕಡತ ತೆಗೆದು ನೋಡಿದರು. ಆ ರಾತ್ರಿ ಹಾರಿದ್ದು ಪಿಸ್ತೂಲಿನ ಗುಂಡು. ಕೋವಿ ಹಾರಿಸಿದ್ದೇ ಇಲ್ಲ.

ಕಥೆ ನಿಜವೆನ್ನಲು ಕೋವಿ ಸಾಕ್ಷಿ, ಕೋವಿ ಅಸಲಿಯೆನ್ನಲು ಕಥೆ ಸಾಕ್ಷಿ. ಎರಡೂ ಒಬ್ಬನ ಕೈಯಿಂದ ಬಂದವು. ಸತ್ತವನಿಗೆ ಎದ್ದು ಬಂದು ಅಲ್ಲವೆನ್ನಲು ಆಗದು. 1946ರಲ್ಲಿ ಕಾಬ್ ಬರೆದನೆಂಬ ದಿನಚರಿ ಕೂಪರ್ಸ್‌ಟೌನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯದಲ್ಲಿತ್ತು. ಅದು ಕಾಬ್‌ನ ಬರಹವಲ್ಲ ಎಂದು 2009ರಲ್ಲಿ ಎಫ್‌ಬಿಐ ಪ್ರಯೋಗಾಲಯ ಹೇಳಿತು. ನಕಲಿ ಸಹಿಯಿಂದ ಕೊಂಡವನ ದುಡ್ಡು ಹೋಗುತ್ತದೆ. ಇಲ್ಲಿ ಒಬ್ಬ ಮನುಷ್ಯನ ಹೆಸರೇ ಹೋಯಿತು, ಅರ್ಧ ಶತಮಾನ ಅವನನ್ನು ಜನ ಅವನಲ್ಲದವನಾಗಿ ನೆನೆದರು. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಹುಡುಕಿದರೂ ಸಿಗದು.

ಹಾಲ್ಪರ್ ಸಾಮಾನ್ಯನಲ್ಲ. ನ್ಯೂಯಾರ್ಕ್ ಯಾಂಕೀಸ್ ತಂಡದ ಪಾಲುದಾರ. ಅವನ ಸಂಗ್ರಹ 1999ರಲ್ಲಿ ಸದಬೀಸ್ ಹರಾಜಿನಲ್ಲಿ 2 ಕೋಟಿ ಡಾಲರಿಗೂ ಮೀರಿ ಮಾರಾಟವಾಯಿತು. ಅದಕ್ಕೂ ಮೊದಲೇ ಅದರಲ್ಲಿನ ಆಯ್ದ ವಸ್ತುಗಳನ್ನು ಬೇಸ್‌ಬಾಲ್ ಲೀಗೇ ಕೊಂಡು ಹಾಲ್ ಆಫ್ ಫೇಮ್‌ಗೆ ಕೊಟ್ಟಿತ್ತು. ಜೋ ಜಾಕ್ಸನ್ 1919ರಲ್ಲಿ ತೊಟ್ಟನೆಂಬ ಅಂಗಿಯೂ ಅವುಗಳ ಜೊತೆ ಬಂತು.  2010ರಲ್ಲಿ ಪರೀಕ್ಷೆಗೆ ಕಳಿಸಿದಾಗ ಅಂಗಿಯ ಮೇಲಿನ ಲಾಂಛನದಲ್ಲಿ 1919ರಲ್ಲಿ ಇನ್ನೂ ಹುಟ್ಟಿಯೇ ಇರದ ಕೃತಕ ವಸ್ತು ಸಿಕ್ಕಿತು. ಅಷ್ಟು ಹೊತ್ತಿಗೆ ಹಾಲ್ಪರ್ ತೀರಿಕೊಂಡು ಐದು ವರ್ಷವಾಗಿತ್ತು. ಅವನು ಮೋಸ ಮಾಡಿದನೋ, ಮೋಸ ಹೋದನೋ ಎಂಬ ವಾದ ಸಂಗ್ರಾಹಕರ ನಡುವೆ ಇಂದಿಗೂ ಇದೆ.

ಈಗ ವ್ಯಾಗ್ನರ್ ಕಾರ್ಡಿಗೆ ಮರಳಬೇಕು. ಈ ಪ್ರಕರಣ ಎಲ್ಲಕ್ಕಿಂತ ಬೇರೆ. ಇಲ್ಲಿ ವಸ್ತು ನಕಲಿಯಲ್ಲ.

1985ರಲ್ಲಿ ಬಿಲ್ ಮ್ಯಾಸ್ಟ್ರೊ ಎಂಬ ವ್ಯಾಪಾರಿ ನ್ಯೂಯಾರ್ಕ್ ಬಳಿಯ ಊರೊಂದರಲ್ಲಿ ಒಂದು ವ್ಯಾಗ್ನರ್ ಕಾರ್ಡನ್ನು 25 ಸಾವಿರ ಡಾಲರ್ ಕೊಟ್ಟು ಕೊಂಡ. ಎರಡು ವರ್ಷಕ್ಕೆ ಅದನ್ನೇ 1 ಲಕ್ಷ 10 ಸಾವಿರಕ್ಕೆ ಮಾರಿದ. ಆಗ ಅದು ಕಣ್ಣು ಕುಕ್ಕುವಂತಿತ್ತು. ಎಂಬತ್ತು ವರ್ಷಕ್ಕೆ ಹತ್ತಿರವಾಗುತ್ತಿದ್ದ ಸಿಗರೇಟು ಕಾರ್ಡಿನ ಮೂಲೆಗಳು ಮೊನ್ನೆ ಕತ್ತರಿಸಿದಂತೆ ಚೂಪಾಗಿದ್ದವು. 1991ರ ಸದಬೀಸ್ ಹರಾಜಿನಲ್ಲಿ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್ಕಿ, ಅವನ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಜೊತೆಗೂಡಿ 4 ಲಕ್ಷ 51 ಸಾವಿರ ಡಾಲರಿಗೆ ಕೊಂಡ. ಅದೇ ವರ್ಷ ಕಾರ್ಡುಗಳ ಗುಣಮಟ್ಟ ಅಳೆದು ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚುವ ಪಿಎಸ್‌ಎ ಎಂಬ ಸಂಸ್ಥೆ ಹುಟ್ಟಿತ್ತು. ಅದು ಅಂಕ ಕೊಟ್ಟ ಮೊದಲ ಕಾರ್ಡು ಇದು, ಸಿಕ್ಕ ಅಂಕ 8. ಅಂಚು ಕತ್ತರಿಸಿದ ಕಾರ್ಡಿಗೆ ಅಂಕ ಕೊಡುವುದಿಲ್ಲ ಎಂಬುದು ಆ ಸಂಸ್ಥೆಯದೇ ನಿಯಮ.

ಮುಂದೆ ಒಂದು ಅಂಗಡಿ ಸರಪಳಿ ಇದನ್ನು ಕೊಂಡು ಬಹುಮಾನವಾಗಿ ಇಟ್ಟಿತು. ಫ್ಲಾರಿಡಾದ ಅಂಚೆ ನೌಕರಳೊಬ್ಬಳಿಗೆ ಅದೃಷ್ಟ ಒಲಿಯಿತು. ತೆರಿಗೆ ಕಟ್ಟಲು ಕೈಯಲ್ಲಿ ದುಡ್ಡಿಲ್ಲದೆ ಆಕೆ ಅದನ್ನು ಹರಾಜಿಗೆ ಹಾಕಿದಳು, 1996ರಲ್ಲಿ ಬಂದ ಬೆಲೆ 6 ಲಕ್ಷ 41 ಸಾವಿರ. 2000ದಲ್ಲಿ ಹನ್ನೆರಡೂವರೆ ಲಕ್ಷ ದಾಟಿತು. 2007ರಲ್ಲಿ ಅರಿಜೋನಾ ಬೇಸ್‌ಬಾಲ್ ತಂಡದ ಮಾಲೀಕ ಕೆನ್ ಕೆಂಡ್ರಿಕ್ 28 ಲಕ್ಷ ಡಾಲರಿಗೆ ಕೊಂಡ. ಪ್ರತಿ ಮಾರಾಟಕ್ಕೂ ಹಿಂದಿನ ಮಾರಾಟವೇ ಸಾಕ್ಷಿಯಾಗುತ್ತ ಹೋಯಿತು.

ಗುಸುಗುಸು ಮಾತ್ರ ಮೊದಲಿನಿಂದಲೂ ಇತ್ತು. ಇಬ್ಬರು ನ್ಯೂಯಾರ್ಕ್ ಪತ್ರಕರ್ತರು ಈ ಒಂದೇ ಕಾರ್ಡಿನ ಬಗ್ಗೆ ಪುಸ್ತಕ ಬರೆದು 2007ರಲ್ಲಿ ಆ ಅನುಮಾನಗಳನ್ನು ಬಹಿರಂಗಕ್ಕೆ ತಂದರು. ಮ್ಯಾಸ್ಟ್ರೊ ಅಷ್ಟರಲ್ಲಿ ಷಿಕಾಗೊ ಬಳಿ ಕ್ರೀಡಾ ಸ್ಮರಣವಸ್ತುಗಳ ಅತಿ ದೊಡ್ಡ ಹರಾಜು ಸಂಸ್ಥೆಯ ಒಡೆಯನಾಗಿದ್ದ. ಮಾರುಕಟ್ಟೆಯಲ್ಲಿ ಯಾವುದು ಅಸಲಿ, ಯಾವುದಕ್ಕೆ ಎಷ್ಟು ಬೆಲೆ ಎಂದು ಹೇಳುವವನೇ ಅವನು. 2012ರಲ್ಲಿ ಆರೋಪಪಟ್ಟಿ ಬಂತು. ತನ್ನದೇ ಜನರಿಂದ ಸುಳ್ಳು ಕೂಗು ಕೂಗಿಸಿ ಹರಾಜಿನ ಬೆಲೆ ಏರಿಸಿದ್ದು, ಪರೀಕ್ಷೆಯಲ್ಲಿ ಅನುಮಾನಕ್ಕೆ ಒಳಗಾದ ವಸ್ತುಗಳನ್ನೂ ಮಾರಾಟಕ್ಕೆ ಇಟ್ಟದ್ದು, ಎಲ್ಲ ಅದರಲ್ಲಿತ್ತು. 1869ರ ಪ್ರಸಿದ್ಧ ಸಿನ್ಸಿನಾಟಿ ತಂಡದ ಪಾರಿತೋಷಕ ಚೆಂಡು ಎಂದದ್ದರ ಬಣ್ಣ ಆ ಕಾಲದ್ದೇ ಆಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. 2013ರ ಅಕ್ಟೋಬರಿನಲ್ಲಿ ಮ್ಯಾಸ್ಟ್ರೊ ತಪ್ಪೊಪ್ಪಿಕೊಂಡ. ವ್ಯಾಗ್ನರ್ ಕಾರ್ಡಿನ ಪಕ್ಕದ ಅಂಚುಗಳನ್ನು ತಾನೇ ಕಾಗದ ಕತ್ತರಿಸುವ ಯಂತ್ರದಲ್ಲಿ ಕತ್ತರಿಸಿದ್ದೆ ಎಂದ. 2015ರಲ್ಲಿ ಅವನಿಗೆ 20 ತಿಂಗಳ ಸೆರೆವಾಸ ವಿಧಿಸಿದರು.

ಕೂದಲೆಳೆಯಷ್ಟು ರಟ್ಟು ತೆಗೆದದ್ದು ಅಷ್ಟು ದೊಡ್ಡ ತಪ್ಪೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಸಂಗ್ರಾಹಕನ ಕಣ್ಣಿನಿಂದ ನೋಡಿದರೆ ಅದು ಶಾಸನದ ಕಲ್ಲನ್ನು ಚೆಂದಗಾಣಿಸಲು ಅಂಚು ಕೆತ್ತಿದ ಹಾಗೆ. ಹುಡುಗರ ಜೇಬಿನಲ್ಲಿ ಸವೆದ ಮೂಲೆ, ಗೋಡೆಗೆ ಗುಂಡುಸೂಜಿ ಚುಚ್ಚಿದ ತೂತು, ಇವೆಲ್ಲ ಕಾರ್ಡು ನಡೆದು ಬಂದ ದಾರಿಯ ಗುರುತು. ಅವನ್ನು ಅಳಿಸಿದವನು ಅದರ ಇತಿಹಾಸವನ್ನೇ ಅಳಿಸಿದ.

ಬುಲ್‌ಪೆನ್ ದಾಳಿಯ ಆಘಾತದಿಂದ ಬೇಸ್‌ಬಾಲ್ ಲೀಗ್ ಕಲಿತ ಪಾಠ ಗಟ್ಟಿಯಾದದ್ದು. ದಾಳಿಗೂ ಮೊದಲು, 1998ರಲ್ಲಿ ಮಾರ್ಕ್ ಮೆಗ್ವಾಯರ್ ಮತ್ತು ಸ್ಯಾಮಿ ಸೋಸಾ ಒಂದೇ ಋತುವಿನ ಹೋಮ್ ರನ್ (ಕ್ರಿಕೆಟಿನ ಸಿಕ್ಸರ್‌ನಂಥ ಹೊಡೆತ) ದಾಖಲೆಯ ಬೆನ್ನು ಹತ್ತಿದ್ದಾಗಲೇ ಅವರಿಗೆ ಎಸೆಯುವ ಚೆಂಡುಗಳಿಗೆ ಕಣ್ಣಿಗೆ ಕಾಣದ ಮಸಿಯಲ್ಲಿ ಗುರುತು ಹಾಕಲಾಗಿತ್ತು. ಮೆಗ್ವಾಯರ್‌ನ 70ನೆಯ ಹೋಮ್ ರನ್ ಚೆಂಡು 30 ಲಕ್ಷ ಡಾಲರಿಗೆ ಹೋಯಿತು. ಹನ್ನೊಂದು ವರ್ಷದ ಮೇಲೆ ಅವನು ತಾನು ಸ್ಟೀರಾಯ್ಡ್ ಸೇವಿಸಿದ್ದೆನೆಂದು ಒಪ್ಪಿಕೊಂಡ. ಚೆಂಡು ಅಸಲಿ, ಆಟವೇ ಅಲ್ಲ! 2001ರಿಂದ ಲೀಗು ಪ್ರತಿ ಪಂದ್ಯಕ್ಕೂ ಹಾಲಿ ಅಥವಾ ನಿವೃತ್ತ ಪೊಲೀಸ್ ಅಧಿಕಾರಿಗಳನ್ನು ಸಾಕ್ಷಿಯಾಗಿ ಕೂರಿಸುತ್ತದೆ. ಅವರ ಕಣ್ಣೆದುರಿಗೇ ಮೈದಾನದಿಂದ ಬಂದ ಚೆಂಡು, ಬ್ಯಾಟಿಗೆ ಮಾತ್ರ ಸಂಖ್ಯೆಯಿರುವ ಹೊಲೋಗ್ರಾಮ್ ಚೀಟಿ. ಚೆಂಡು ಪ್ರೇಕ್ಷಕರ ನಡುವೆ ಬಿದ್ದು ಒಂದು ಕ್ಷಣ ಕಣ್ಣಿಗೆ ಮರೆಯಾದರೂ ಚೀಟಿ ಅಂಟಿಸುವುದಿಲ್ಲ. ತಜ್ಞನ ಅಭಿಪ್ರಾಯದ ಜಾಗಕ್ಕೆ ಕಣ್ಣಾರೆ ಕಂಡವನ ಸಾಕ್ಷ್ಯ ಬಂದದ್ದು ಈ ಹವ್ಯಾಸದ ಚರಿತ್ರೆಯಲ್ಲೇ ದೊಡ್ಡ ತಿರುವು.

ಹಳೆಯ ವಸ್ತುಗಳಿಗೆ ಇನ್ನೊಂದು ದಾರಿ ಸಿಕ್ಕಿದೆ. ಅಂಗಿಯ ಮೇಲಿನ ಅಕ್ಷರ ಎಷ್ಟು ವಾಲಿದೆ, ಗುಂಡಿಗೂ ಹೊಲಿಗೆಗೂ ಎಷ್ಟು ಅಂತರ ಎಂದು ಅಂದಿನ ಪಂದ್ಯದ ಫೋಟೊಗಳ ಜೊತೆ ತಾಳೆ ನೋಡುತ್ತಾರೆ. ಬೇಬ್ ರೂತ್‌ನ ಒಂದು ಬೂದು ಅಂಗಿ 2005ರಲ್ಲಿ 9 ಲಕ್ಷ 40 ಸಾವಿರ ಡಾಲರಿಗೆ ಮಾರಾಟವಾಗಿತ್ತು. ಅದು 1932ರ ವಿಶ್ವ ಸರಣಿಯಲ್ಲಿ ತೊಟ್ಟ ಅಂಗಿಯೇ ಎಂದು ಹಳೆಯ ಫೋಟೊಗಳ ಜೊತೆ ತಾಳೆಯಾದ ಮೇಲೆ, 2024ರ ಆಗಸ್ಟಿನಲ್ಲಿ ಅದಕ್ಕೆ 2 ಕೋಟಿ 41 ಲಕ್ಷ ಡಾಲರ್ ಬಂತು.

ಕಳ್ಳರೂ ಸುಮ್ಮನೆ ಕೂತಿಲ್ಲ. ಪಂದ್ಯದಲ್ಲಿ ತೊಟ್ಟ ಅಂಗಿಯ ಚೂರನ್ನು ಕಾರ್ಡಿಗೆ ಅಂಟಿಸಿ ಮಾರುವ ಕಂಪನಿಗಳಿಗೇ ಅಂಗಡಿಯ ಹೊಸ ಅಂಗಿ ಒಗೆದು, ಸವೆಸಿ ಒದಗಿಸಿದವರು ನ್ಯಾಯಾಲಯ ಕಂಡಿದ್ದಾರೆ. 2025ರ ಜುಲೈನಲ್ಲಿ ಇಂಡಿಯಾನಾದಲ್ಲಿ ಪೊಲೀಸರ ಶೋಧದ ಹೊತ್ತಿಗೆ ಸತ್ತು ಸಿಕ್ಕ ವ್ಯಾಪಾರಿಯೊಬ್ಬ, ಹೊಲೋಗ್ರಾಮ್‌ಗಳನ್ನೇ ನಕಲು ಮಾಡಿ ಲಕ್ಷಗಟ್ಟಲೆ ಖೊಟ್ಟಿ ವಸ್ತು ಮಾರಿದೆನೆಂದು ಬರೆದಿಟ್ಟಿದ್ದ.

ಅಂಚು ಕತ್ತರಿಸಿದ ವ್ಯಾಗ್ನರ್ ಕಾರ್ಡು 2007ರಿಂದ ಮಾರಾಟಕ್ಕೆ ಬಂದಿಲ್ಲ. ಇತರ ವ್ಯಾಗ್ನರ್ ಕಾರ್ಡುಗಳು ಬಂದಿವೆ. 2022ರಲ್ಲಿ ಒಂದು 72 ಲಕ್ಷ 50 ಸಾವಿರ ಡಾಲರಿಗೆ ಕೈ ಬದಲಾಯಿಸಿತು. ಮೂಲೆ ಸವೆದ, ಹತ್ತಕ್ಕೆ ಎರಡೇ ಅಂಕ ಪಡೆದ ಆ ಕಾರ್ಡಿನ ಅಂಚಿಗೆ ಯಾರೂ ಕತ್ತರಿ ಇಟ್ಟಿರಲಿಲ್ಲ.